ಒಂದು ಚೊಂಬು, ಎರಡು ನಿಂಬೆಹಣ್ಣು

ಕ್ಯಾನ್ವಾಸ್ ತಂದು ಎರಡು ವಾರ ಆಗಿತ್ತು. ಪ್ಲಾಸ್ಟಿಕ್ ಕವರ್ ಸಮೇತ ಬೀರುವಿನ ಮೇಲೆ ಕೂತಿತ್ತು. 10 ಇಂಚಿಗೆ 12 ಇಂಚು, ಮರದ ಚೌಕಟ್ಟಿಗೆ ಬಿಗಿದದ್ದು. ಬೆರಳಲ್ಲಿ ತಟ್ಟಿದರೆ ಕಂಜಿರದ ಹಾಗೆ ಡಬ್ ಅನ್ನುತ್ತಿತ್ತು. ದಿನಾ ಆಫೀಸಿನಿಂದ ಬಂದು ಒಂದ್ಸಲ ತಟ್ಟಿ ಮತ್ತೆ ಮೇಲಿಡುತ್ತಿದ್ದೆ. ಅಷ್ಟು ಬೆಳ್ಳಗಿರುವುದನ್ನು ಕೆಡಿಸೋಕೆ ಮನಸ್ಸೇ ಬರಲಿಲ್ಲ.

ಹಾಗಂತ ನಾನು ಬ್ರಷ್ ಹಿಡಿಯದವಳೇನಲ್ಲ. ಹೈಸ್ಕೂಲಿನಲ್ಲಿ ಲೋಯರ್ ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿದ್ದೆ. ಮೈಸೂರಿನವಳು. ಹಾಗಾಗಿ ನಮ್ಮ ಡ್ರಾಯಿಂಗ್ ಮೇಷ್ಟ್ರು ಜಗನ್ಮೋಹನ ಅರಮನೆಗೆ ಕರೆದುಕೊಂಡು ಹೋಗಿ ದೀಪ ಹಿಡಿದ ಹೆಣ್ಣಿನ ಚಿತ್ರದ ಮುಂದೆ ನಿಲ್ಲಿಸಿದ್ದರು. ಅದನ್ನು ರವಿವರ್ಮನದು ಅಂತ ಈಗಲೂ ಎಷ್ಟೋ ಜನ ಹೇಳುತ್ತಾರೆ. ಬರೆದವರು ಎಸ್.ಎಲ್. ಹಲ್ದಂಕರ್. ಅದೂ ಎಣ್ಣೆಬಣ್ಣ ಅಲ್ಲ, ಕಾಗದದ ಮೇಲೆ ನೀರುಬಣ್ಣ. ಮೇಷ್ಟ್ರು ಅವತ್ತು ಹೇಳಿದ್ದು ಒಂದೇ ಮಾತು: "ನೀರುಬಣ್ಣದಲ್ಲಿ ಬಿಳಿ ಅನ್ನೋ ಬಣ್ಣ ಇಲ್ಲ. ಬಿಳಿ ಬೇಕಾದ ಕಡೆ ಕಾಗದ ಉಳಿಸಬೇಕು." ಆ ಮಾತು ಮೂವತ್ತು ವರ್ಷವಾದರೂ ನನ್ನ ಕೈ ಬಿಟ್ಟಿರಲಿಲ್ಲ. ತೊಂದರೆ ಆಗಿದ್ದೇ ಅದರಿಂದ.

ಒಂದು ಭಾನುವಾರ ಬೆಳಿಗ್ಗೆ ತಿಂಡಿ ಆದಮೇಲೆ ಧೈರ್ಯ ಮಾಡಿ ಕವರ್ ಹರಿದೆ. ಒಳಗೆ ಒಂದು ಪುಟ್ಟ ಪೊಟ್ಟಣ, ಅದರಲ್ಲಿ ಎಂಟು ಮರದ ಚೂರು. ಇದೇನು ಅಂತ ಅಂಗಡಿಯ ಹುಡುಗನನ್ನು ಕೇಳಿದ್ದಾಗ "ಅದು ವೇಸ್ಟು, ಬಿಸಾಕಿ ಮೇಡಂ" ಅಂದಿದ್ದ. ಬಿಸಾಕಿರಲಿಲ್ಲ, ಸದ್ಯ. ಬಟ್ಟೆ ಸಡಿಲವಾದಾಗ ಚೌಕಟ್ಟಿನ ಹಿಂದೆ ಮೂಲೆಯ ಸಂದಿಗೆ ಆ ಚೂರುಗಳನ್ನು ಹೊಡೆದರೆ ಮತ್ತೆ ಬಿಗಿಯಾಗುತ್ತದೆ ಅಂತ ಆಮೇಲೆ ಗೊತ್ತಾಯಿತು.

ಡೈನಿಂಗ್ ಟೇಬಲ್ ಮೇಲೆ ಕಂದು ಬಣ್ಣದ ಟವೆಲ್ ಹಾಸಿದೆ. ಅದರ ಮೇಲೆ ಅಮ್ಮನ ಹಿತ್ತಾಳೆ ಚೊಂಬು, ಪಕ್ಕದಲ್ಲಿ ಎರಡು ನಿಂಬೆಹಣ್ಣು. ಪರೀಕ್ಷೆಯಲ್ಲೂ ಇಂಥದ್ದೇ ಇಟ್ಟಿದ್ದರು. ಹೊಸದೇನನ್ನೂ ಯೋಚಿಸುವ ಗೋಜಿಗೆ ಹೋಗಲಿಲ್ಲ. ಹನ್ನೆರಡು ಟ್ಯೂಬಿನ ಅಕ್ರಿಲಿಕ್ ಡಬ್ಬಿ ತೆಗೆದು, ಹಳೇ ಸ್ಟೀಲ್ ತಟ್ಟೆಗೆ ಬಣ್ಣ ಹಿಂಡಿ, ಧಾರಾಳವಾಗಿ ನೀರು ಬೆರೆಸಿ ಶುರು ಮಾಡಿದೆ. ಚೊಂಬಿನ ಹೊಳಪಿಗೆ, ನಿಂಬೆಹಣ್ಣಿನ ಮೇಲಿನ ಬೆಳಕಿಗೆ ಬಿಳಿ ಜಾಗ ಬಿಟ್ಟುಕೊಂಡು, ಪರೀಕ್ಷೆಯಲ್ಲಿ ಮಾಡಿದ ಹಾಗೇ.

ಬಣ್ಣ ನಿಲ್ಲಲೇ ಇಲ್ಲ. ಕಾಗದವಾದರೆ ನೀರು ಹೀರುತ್ತದೆ. ಇದು ಬಿಳಿ ಲೇಪ ಬಳಿದ ಬಟ್ಟೆ. ಚೊಂಬಿನ ಹೊಟ್ಟೆಯಿಂದ ಕಂದು ನೀರು ಕೆಳಗಿನವರೆಗೂ ಇಳಿಯಿತು. ಒರೆಸಿದರೆ ಮಚ್ಚೆ ಮಚ್ಚೆ. ನಿಂಬೆಹಣ್ಣಿನ ನೆರಳಿಗೆ ಅಂತ ಹಳದಿಗೆ ಒಂದು ತೊಟ್ಟು ಕಪ್ಪು ಸೇರಿಸಿದೆ. ಹಳದಿಗೆ ಕಪ್ಪು ಸೇರಿದರೆ ಹಸಿರಾಗುತ್ತದೆ! ನಿಂಬೆಹಣ್ಣು ಒಂದು ಕಡೆ ಪಾಚಿ ಕಟ್ಟಿದ ಹಾಗಾಯಿತು.

ಅಮ್ಮ ಕನ್ನಡಕ ಸರಿಮಾಡಿಕೊಂಡು ಬಂದು ನೋಡಿದಳು. "ನನ್ನ ಚೊಂಬಾ ಇದು? ಹುಣಸೆಹಣ್ಣು ಹಾಕಿ ಉಜ್ಜಿ ಎಷ್ಟು ವರ್ಷ ಆಯ್ತೇ?" ಅಂದು ಒಳಗೆ ಹೋದಳು.

ಅಷ್ಟು ಹೊತ್ತಿಗೆ ಎದುರುಮನೆಯವರು ಏಣಿ ವಾಪಸ್ ಕೊಡಲು ಬಂದರು. ಫ್ಲೆಕ್ಸ್ ಬರುವ ಮುಂಚೆ ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದವರು. ಈಗ ಮನೆಗಳಿಗೆ ಪೇಂಟ್ ಹೊಡೆಸುವ ಕಾಂಟ್ರಾಕ್ಟ್. ಏಣಿಯನ್ನು ಗೋಡೆಗೆ ಒರಗಿಸಿ, ಸ್ವಲ್ಪ ಹೊತ್ತು ಸುಮ್ನೆ ನಿಂತು ನೋಡಿದರು.

"ಅಕ್ಕಾ, ಇದು ಪೇಪರ್ ಅಲ್ಲ. ಬಿಳಿ ಯಾಕೆ ಬಿಡ್ತೀರ? ಮೊದಲು ಆ ಬಿಳೀನೇ ಮುಚ್ಚಿ. ಕತ್ತಲೆಯಿಂದ ಶುರು ಮಾಡಿ. ಬಿಳಿ ಕೊನೇಲಿ ಬರಬೇಕು."

"ಇದನ್ನೇನು ಮಾಡ್ಲಿ, ಹಾಳಾಯ್ತಲ್ಲ?"

"ಒಣಗ್ಲಿ. ಅದರ ಮೇಲೇ ಹೊಡೀರಿ. ಯಾರಿಗೆ ಗೊತ್ತಾಗತ್ತೆ?"

ಯಾರಿಗೆ ಗೊತ್ತಾಗತ್ತೆ ಅನ್ನುವ ಮಾತು ಕೇಳಿ ಎಷ್ಟು ಹಾಯೆನಿಸಿತು! ನೀರುಬಣ್ಣದಲ್ಲಿ ತಪ್ಪಿದರೆ ತಪ್ಪಿದ್ದೇ. ಇಲ್ಲಿ ಒಣಗಿದ ಬಣ್ಣ ನೀರಿಗೆ ಕರಗುವುದಿಲ್ಲ, ಮೇಲೆ ಇನ್ನೊಂದು ಪದರ ಹಾಕಬಹುದು. ಬರ್ನ್ಟ್ ಸಿಯೆನಾ ಅನ್ನುವ ಕೆಂಗಂದು ಬಣ್ಣ ತೆಗೆದು ಇಡೀ ಕ್ಯಾನ್ವಾಸಿಗೆ ತೆಳ್ಳಗೆ ಬಳಿದುಬಿಟ್ಟೆ, ಬಿಳಿ ಒಂದು ಚೂರೂ ಕಾಣದ ಹಾಗೆ. ನಮ್ಮೂರ ಕಡೆಯ ಕೆಮ್ಮಣ್ಣಿನ ಗೋಡೆಯಂತೆ ಆಯಿತು. ಎರಡು ವಾರದ ಹೆದರಿಕೆ ಹತ್ತು ನಿಮಿಷದಲ್ಲಿ ಹೋಯಿತು.

ಕಣ್ಣು ಕಿರಿದು ಮಾಡಿ ನೋಡಿ ಅಂತಲೂ ಹೇಳಿ ಹೋಗಿದ್ದರು. ಹಾಗೆ ನೋಡಿದಾಗ ಚೊಂಬು ಚಿನ್ನದ ಬಣ್ಣದ್ದಾಗಿ ಕಾಣಲೇ ಇಲ್ಲ. ಕೊರಳಿನ ಕೆಳಗೆ ಹೆಚ್ಚುಕಡಿಮೆ ಕಪ್ಪು. ಕಿಟಕಿಯ ಕಡೆ ಹೊಟ್ಟೆಯ ಮೇಲೆ ಆಕಾಶದ ನೀಲಿ. ಇನ್ನೊಂದು ಪಕ್ಕದಲ್ಲಿ ಟವೆಲಿನ ಕಂದು. ಬುಡದ ಹತ್ತಿರ ನಿಂಬೆಹಣ್ಣಿನ ಹಳದಿ, ಉದ್ದಕ್ಕೆ ಎಳೆದ ಹಾಗೆ. ನಡುವೆ ನನ್ನ ನೈಟಿಯ ಗುಲಾಬಿ ಗೀಟು! ಹಿತ್ತಾಳೆಗೆ ತನ್ನದು ಅಂತ ಇರುವ ಬಣ್ಣ ಸ್ವಲ್ಪವೇ, ಮಿಕ್ಕಿದ್ದೆಲ್ಲ ಅಕ್ಕಪಕ್ಕದ್ದು. ಯೆಲ್ಲೋ ಓಕರ್ ಅನ್ನುವ ಮಣ್ಣುಹಳದಿಗೆ ಕಂದು ಸೇರಿಸಿ ಕತ್ತಲೆಯ ಜಾಗಗಳನ್ನು ಮೊದಲು ತುಂಬಿದೆ. ಡಬ್ಬಿಯಲ್ಲಿದ್ದ ಚಿನ್ನದ ಬಣ್ಣದ ಟ್ಯೂಬಿನ ಮುಚ್ಚಳ ತೆಗೆಯಲೇ ಇಲ್ಲ.

ಇಷ್ಟರಲ್ಲಿ ಅಕ್ಕನ ಫೋನ್. ಇಪ್ಪತ್ತು ನಿಮಿಷ ಮಾತಾಡಿ ಬಂದರೆ ಮೇಲೆ ಫ್ಯಾನ್ ತಿರುಗುತ್ತಿದೆ, ತಟ್ಟೆಯಲ್ಲಿದ್ದ ಬಣ್ಣವೆಲ್ಲ ಹಪ್ಪಳ. ದೊಡ್ಡ ಚಪ್ಪಟೆ ಬ್ರಷ್ ತೆಂಗಿನ ಪೊರಕೆಯಷ್ಟು ಗಟ್ಟಿ. ಬಿಸಿನೀರು, ಸೋಪು, ಏನು ಹಾಕಿದರೂ ಜಗ್ಗಲಿಲ್ಲ. ಆಮೇಲಿಂದ ಫ್ಯಾನ್ ಬಂದ್. ಇಸ್ತ್ರಿ ಬಟ್ಟೆಗೆ ಚಿಮುಕಿಸುವ ಹಾಗೆ ಬಣ್ಣದ ಮೇಲೆ ಆಗಾಗ ನೀರು ಚಿಮುಕಿಸಿಕೊಂಡು, ಬೆವರು ಒರೆಸಿಕೊಂಡು ಬರೆದೆ. ತಟ್ಟೆಯಲ್ಲಿ ಒಣಗಿದ ಪದರ ಮಾತ್ರ ಉಗುರಲ್ಲಿ ಎಬ್ಬಿಸಿದರೆ ಹಾವಿನ ಪೊರೆಯ ಹಾಗೆ ಇಡಿಯಾಗಿ ಬಂತು. ಅದನ್ನು ಸುಲಿಯುವುದರಲ್ಲಿ ಇನ್ನೊಂದು ಹತ್ತು ನಿಮಿಷ ಹೋಯಿತು. ಅಷ್ಟು ಚೆನ್ನಾಗಿತ್ತು.

ಮಧ್ಯಾಹ್ನ ಕೈ ತೊಳೆದು ಊಟಕ್ಕೆ ಕೂತೆ. ಚಿತ್ರಾನ್ನ. ಎರಡು ತುತ್ತು ಆದಮೇಲೆ ಹೊಳೆಯಿತು.

"ಅಮ್ಮಾ, ನಿಂಬೆಹಣ್ಣು ಎಲ್ಲಿಂದ ತಗೊಂಡೆ?"

"ಟೇಬಲ್ ಮೇಲಿತ್ತಲ್ಲ. ಒಂದು ಹಾಗೇ ಇದೆ, ಬರಿ ಅದನ್ನ."

ಜಗಳ ಆಡೋಣ ಅಂದುಕೊಂಡೆ. ಚಿತ್ರಾನ್ನ ಚೆನ್ನಾಗಿತ್ತು, ಬಿಟ್ಟೆ. ಹೋಗಿ ನೋಡಿದರೆ ಬೆಳಕೂ ಬೇರೆ ಆಗಿತ್ತು. ಬೆಳಿಗ್ಗೆ ಎಡಕ್ಕಿದ್ದ ಚೊಂಬಿನ ನೆರಳು ಈಗ ಬುಡದಲ್ಲೇ ಮುದುಡಿಕೊಂಡಿತ್ತು. ನೆರಳನ್ನು ನೆನಪಿನಿಂದಲೇ ಉಳಿಸಿಕೊಂಡೆ. ಎರಡನೇ ನಿಂಬೆಹಣ್ಣನ್ನು ಮಾತ್ರ ಹಾಗೆ ಉಳಿಸಲಾಗಲಿಲ್ಲ. ಪಾಚಿ ಕಟ್ಟಿದ್ದೂ ಅದೇ. ಟವೆಲಿನ ಕಂದು ಬೆರೆಸಿಕೊಂಡು ಅದರ ಮೇಲೆ ಬಳಿದೆ. ಹಳದಿ ಇಣುಕಿತು. ಒಣಗಿಸಿ ಇನ್ನೊಂದು ಸಲ, ಮತ್ತೊಂದು ಸಲ ಬಳಿದೆ. ಹೋಯಿತು.

ಕೊನೆಗೆ ಬಿಳಿ. ಟ್ಯೂಬಿನಿಂದ ಅಕ್ಕಿಕಾಳಿನಷ್ಟು ತೆಗೆದು, ನೀರು ಸೇರಿಸದೆ, ಸಣ್ಣ ಬ್ರಷ್ಷಿನ ತುದಿಯಲ್ಲಿ ಚೊಂಬಿನ ಕಪ್ಪು ಕೊರಳಿನ ಪಕ್ಕಕ್ಕೇ ಇಟ್ಟೆ. ಒಂದೇ ಚುಕ್ಕಿ. ಅಲ್ಲಿಯವರೆಗೆ ಮಣ್ಣಿನ ಕುಡಿಕೆಯಂತಿದ್ದದ್ದು ತಟಕ್ಕನೆ ಲೋಹವಾಯಿತು. ಆಸೆಯಾಗಿ ಇನ್ನೂ ನಾಲ್ಕು ಚುಕ್ಕಿ ಇಟ್ಟೆ. ಅಮ್ಮ ಬಂದು "ಸಾಕು ಬಿಡೇ, ಸಿಡುಬು ಬಂದ ಹಾಗಾಯ್ತು" ಅಂದಳು. ಮೂರನ್ನು ಬೆರಳಲ್ಲೇ ಒರೆಸಿದೆ.

ಚಿತ್ರ ಈಗ ಹಾಲ್‌ನಲ್ಲಿ ಕ್ಯಾಲೆಂಡರ್ ಪಕ್ಕ ಇದೆ. ಅದೇ ಸಂಜೆ ಚೊಂಬನ್ನು ಅಮ್ಮ ನಿಜವಾಗಲೂ ಹುಣಸೆಹಣ್ಣು ಹಾಕಿ ಬೆಳಗಿಟ್ಟಳು, ಹಾಗಾಗಿ ಎರಡಕ್ಕೂ ಈಗ ಹೋಲಿಕೆಯೇ ಇಲ್ಲ. ಸಂಜೆ ಐದರ ಹೊತ್ತಿಗೆ ಬಾಗಿಲಿಂದ ಓರೆ ಬಿಸಿಲು ಬಿದ್ದರೆ, ಟವೆಲಿನ ಮೇಲೆ ಒಂದು ಕಡೆ ಗುಂಡಗೆ ಉಬ್ಬಿರುವುದು ಕಾಣುತ್ತದೆ. ತಿಂದ ನಿಂಬೆಹಣ್ಣು.