ಟ್ರಾನ್ಸ್‌ಲೇಟ್ ಮಾಡಿದ್ರೆ ಆಯ್ತಲ್ವಾ ಅಂತ ಕೇಳೋರಿಗೆ

ಮಷಿನ್ ಮ್ಯಾನ್ಯುಯಲ್‌ಗಳನ್ನ ಬೇರೆ ಬೇರೆ ದೇಶದೋರಿಗೆ ಹೊಂದಿಸೋದು ನನ್ನ ಕೆಲಸ ಅಂದ ತಕ್ಷಣ ಎಲ್ಲರೂ ಕೇಳೋದು ಒಂದೇ, ಭಾಷೆ ಬದಲಾಯಿಸಿದ್ರೆ ಮುಗೀತಲ್ಲ, ಅದಕ್ಕೂ ಈಗ ಸಾಫ್ಟ್‌ವೇರ್ ಇದೆ, ಇನ್ನೇನಿದೆ ಮಾಡೋಕೆ?

ವೈರ್ ಬಣ್ಣಾನೇ ತಗೊಳ್ಳಿ. ಹಳೇ ಬ್ರಿಟಿಷ್ ಮ್ಯಾನ್ಯುಯಲ್‌ನಲ್ಲಿ "ಕಪ್ಪು ವೈರನ್ನ ನ್ಯೂಟ್ರಲ್‌ಗೆ ಕೊಡಿ" ಅಂತಿದೆ ಅನ್ಕೊಳ್ಳಿ, ಆ ಕಾಲಕ್ಕೆ ಅಲ್ಲಿ ಅದು ಸರಿ, ಯಾವ ಭಾಷೆಗೆ ಬೇಕಾದ್ರೂ ಒಂದಕ್ಷರ ತಪ್ಪಿಲ್ದೆ ತರಬಹುದು. ಆದ್ರೆ ಅಮೆರಿಕದಲ್ಲಿ ಕಪ್ಪು ಲೈವ್, ಅಂದ್ರೆ ಮುಟ್ಟಿದ್ರೆ ಶಾಕ್ ಹೊಡೆಯೋ ವೈರ್, ನ್ಯೂಟ್ರಲ್ ಬಿಳಿ. ಯುರೋಪ್‌ನಲ್ಲಿ ನ್ಯೂಟ್ರಲ್ ನೀಲಿ, ಬ್ರಿಟನ್ ಕೂಡ 2004ರಿಂದ ಆ ಕಡೆಗೆ ಹೊರಳ್ತು, ಈಗ ಅಲ್ಲಿ ತ್ರೀ ಫೇಸ್ ಲೈನ್‌ನಲ್ಲಿ ಕಪ್ಪು ಅಂದ್ರೆ ಒಂದು ಫೇಸ್, ಅದೂ ಲೈವೇ! ಅನುವಾದದಲ್ಲಿ ತಪ್ಪೇ ಇಲ್ಲ, ಅದನ್ನ ನಂಬಿ ವೈರ್ ಮುಟ್ಟಿದೋನ ಜೀವಕ್ಕೆ ಮಾತ್ರ ಅಪಾಯ.

ನಂಬರ್‌ಗಳೂ ಹಾಗೇ. 1.250 ಅಂದ್ರೆ ನಮಗೆ ಒಂದೂಕಾಲು, ಜರ್ಮನಿಯಲ್ಲಿ ಓದೋರಿಗೆ ಸಾವಿರದ ಇನ್ನೂರೈವತ್ತು. 03/04 ಅಮೆರಿಕದಲ್ಲಿ ಮಾರ್ಚ್ 4, ಬ್ರಿಟನ್‌ನಲ್ಲಿ ಏಪ್ರಿಲ್ 3, ಅದಕ್ಕೆ ನಾನು ತಿಂಗಳ ಹೆಸರು ಬರೆಸ್ದೇ ಬಿಡಲ್ಲ. ಅಳತೆ ವಿಷಯದಲ್ಲಂತೂ 1983ರಲ್ಲಿ ಕೆನಡಾದಲ್ಲಿ ನಡೆದಿದ್ದು ಮರೆಯೋಕಾಗಲ್ಲ. ದೇಶ ಮೆಟ್ರಿಕ್‌ಗೆ ಬದಲಾಗ್ತಿದ್ದ ಸಮಯ, ವಿಮಾನಕ್ಕೆ ತುಂಬೋ ಇಂಧನದ ಲೀಟರನ್ನ ಕಿಲೋಗೆ ತಿರುಗಿಸೋವಾಗ ಪೌಂಡಿನ ಲೆಕ್ಕದ 1.77 ಹಾಕಿಬಿಟ್ರು, ಹಾಕಬೇಕಿದ್ದದ್ದು ಹತ್ತತ್ರ 0.8. ತುಂಬಿದ್ದು ಕಮ್ಮಿಯಾಗಿ ಆ ಬೋಯಿಂಗ್ 767 ವಿಮಾನದ ಇಂಧನ ಆಕಾಶದಲ್ಲೇ ಖಾಲಿ, ಎಂಜಿನ್ ಇಲ್ದೇ ತೇಲಿಸ್ಕೊಂಡು ಗಿಮ್ಲಿ ಅನ್ನೋ ಕಡೆ ಇಳಿಸಿದ್ರು, ಎಲ್ಲರೂ ಬದುಕಿದ್ರು.

ಕೆಲಸ ಹಗುರ ಆಗ್ಬೇಕಂದ್ರೆ ಮೂಲ ಬರವಣಿಗೇನೇ ಸರಳ ಇರ್ಬೇಕು. ವಿಮಾನದ ರಿಪೇರಿ ಮ್ಯಾನ್ಯುಯಲ್ ಬರೆಯೋರಿಗೆ ಎಎಸ್‌ಡಿ-ಎಸ್‌ಟಿಇ100 ಅಂತ ಸರಳ ಇಂಗ್ಲಿಷ್‌ನ ನಿಯಮಗಳಿವೆ, ಅದರ ಪ್ರಕಾರ ಸೂಚನೆ ಕೊಡೋ ವಾಕ್ಯ 20 ಪದ ದಾಟೋ ಹಾಗಿಲ್ಲ, ಒಂದು ಪದಕ್ಕೆ ಒಂದೇ ಅರ್ಥ. ನನಗೆ ಇದು ತುಂಬಾ ಇಷ್ಟ.

ಚಿತ್ರ ಹಾಕಿದ್ರೆ ಭಾಷೇನೇ ಬೇಡ ಅನ್ನೋರೂ ಇದ್ದಾರೆ. ಒಂದ್ಸಲ ಅರೇಬಿಕ್ ಪುಟ ಚೆಕ್ ಮಾಡ್ತಿದ್ದೆ, ಅಕ್ಷರ ಎಲ್ಲಾ ಬಲದಿಂದ ಎಡಕ್ಕೆ ಸರಿಯಾಗೇ ಕೂತಿತ್ತು, ಮೂರು ಚಿತ್ರ ಮಾತ್ರ ಮೊದಲಿದ್ದ ಹಾಗೇ ಇದ್ವು: ಎಡಕ್ಕೆ ಮಷಿನ್ ಆಫ್ ಮಾಡೋದು, ಮಧ್ಯ ಮುಚ್ಚಳ ತೆಗೆಯೋದು, ಬಲಕ್ಕೆ ಒಳಗೆ ಕೈ ಹಾಕೋದು. ಬಲದಿಂದ ಓದೋರಿಗೆ ಮೊದಲು ಕಾಣೋದೇ ಕೈ ಹಾಕೋದು! ಅವತ್ತಿಂದ 1, 2, 3 ಅಂತ ನಂಬರ್ ಇಲ್ಲದ ಚಿತ್ರ ಬಂದ್ರೆ ಫೈಲ್ ವಾಪಸ್ ಕಳಿಸ್ತೀನಿ, ಡೆಡ್‌ಲೈನ್ ಎಷ್ಟೇ ಹತ್ರ ಇದ್ರೂ.