ಜೋಡಿ ಯಾರು ಹೋದ್ರು?

ವಿಜಯನಗರದ ದೇವರಾಯ ತನ್ನ ಮಗಳನ್ನು ಬಹಮನಿ ಸುಲ್ತಾನನಿಗೆ ಕೊಟ್ಟ ಮದುವೆಯ ಮೇಲೆ ಕಥೆ ಬರೆಯೋಣ ಅಂತ ಹೊರಟರೆ ಮೊದಲು ಸಿಗುವುದು ಸಾಮಾನಿನ ಪಟ್ಟಿ. 10 ಲಕ್ಷ ಹೊನ್ನು. 5 ಮಣ ಮುತ್ತು. 50 ಆನೆ. ಹಾಡು, ಕುಣಿತ, ವಾದ್ಯ ಬಲ್ಲ 2,000 ಹುಡುಗ ಹುಡುಗಿಯರು. ಇಷ್ಟು ಸಾಲದು ಅಂತ ಬಂಕಾಪುರದ ಕೋಟೆ ಬಳುವಳಿ. ಆ ಕೋಟೆಯನ್ನು ಸುಲ್ತಾನನ ಕಡೆಯವರು ಯುದ್ಧದಲ್ಲಿ ಆಗಲೇ ಹಿಡಿದುಕೊಂಡಿದ್ದರು. ಕಿತ್ತುಕೊಂಡದ್ದನ್ನೇ ಮಾವ ಪ್ರೀತಿಯಿಂದ ಕೊಟ್ಟ ಅಂತ ಬರೆಸಿಕೊಂಡರೆ ಮುಂದೆ ತಕರಾರು ಇರುವುದಿಲ್ಲ, ಅಲ್ವಾ?

ಹೆಣ್ಣು ಕೊಟ್ಟವನು ವಿಜಯನಗರದ ಒಂದನೇ ದೇವರಾಯ. ಗಂಡು ಬಹಮನಿ ಸುಲ್ತಾನ ಫಿರೋಜ್ ಷಾ. 1406ರ ಯುದ್ಧದ ಕೊನೆಗೆ ಆದ ಒಪ್ಪಂದ ಇದು. ನಮಗೆ ಈ ವಿವರ ಕೊಟ್ಟವನು ಫೆರಿಷ್ತಾ. ಅವನು ಬಿಜಾಪುರದಲ್ಲಿ ಕೂತು ಇತಿಹಾಸ ಬರೆದದ್ದು ಸುಮಾರು 200 ವರ್ಷ ಆದಮೇಲೆ. ಈ ಮದುವೆಯನ್ನೇ ಅನುಮಾನದಿಂದ ನೋಡುವ ಇತಿಹಾಸಕಾರರೂ ಇದ್ದಾರೆ. ಕಥೆ ಬರೆಯುವವರಿಗೆ ಅಷ್ಟು ಅನುಮಾನ ಇದ್ದರೆ ಒಳ್ಳೆಯದೇ. ಕೈಕಾಲು ಆಡಿಸಲು ಜಾಗ ಸಿಗುತ್ತದೆ.

ಫೆರಿಷ್ತಾ ಪ್ರಕಾರ ಜಗಳ ಶುರುವಾದದ್ದು ಮುದಗಲ್ಲಿನ ಕಡೆಯ ಒಬ್ಬ ಅಕ್ಕಸಾಲಿಗನ ಮಗಳಿಂದ. ಅವಳ ಚೆಲುವಿನ ಮಾತು ಕೇಳಿ ದೇವರಾಯ ಹೇಳಿಕಳಿಸಿದ. ಅವಳು ಒಲ್ಲೆ ಅಂದಳು. ಅವನು ದಂಡು ಕಳಿಸಿದ, ಅಷ್ಟರಲ್ಲಿ ಮನೆಯವರು ಊರು ಬಿಟ್ಟಿದ್ದರು. ತನ್ನ ನೆಲದ ಮೇಲೆ ದಾಳಿ ಆಯಿತು ಅಂತ ಫಿರೋಜ್ ವಿಜಯನಗರದ ಬಾಗಿಲಿಗೇ ಬಂದು ಕೂತ. ಆ ಅಕ್ಕಸಾಲಿಗರ ಹುಡುಗಿಗೆ ಹೆಸರಿದೆ, ಪರ್ತಲ್ ಅಂತ. ಕೊನೆಗೆ ಅವಳ ಮದುವೆ ಫಿರೋಜನ ಮಗ ಹಸನ್ ಖಾನನ ಜೊತೆ ಆಯಿತು ಅನ್ನುವುದನ್ನೂ ಫೆರಿಷ್ತಾ ಹೇಳುತ್ತಾನೆ. ಆದರೆ ದೇವರಾಯನ ಮಗಳು ಬರೀ ‘ಮಗಳು’. ಹೆಸರಿಲ್ಲ, ವಯಸ್ಸಿಲ್ಲ, ಅವಳಾಡಿದ ಒಂದು ಮಾತೂ ಇಲ್ಲ.

ನನ್ನ ಕಥೆ ನಿಂತದ್ದೂ ಇಲ್ಲೇ. ಮೆರವಣಿಗೆ ಬರೆದೆ, ಡೇರೆ ಬರೆದೆ. ಹುಡುಗಿ ಮಾತ್ರ ಪಲ್ಲಕ್ಕಿಯ ಪರದೆ ಸರಿಸಲೇ ಇಲ್ಲ. ಕಲಬುರಗಿಯಲ್ಲಿ ನಮ್ಮ ಚಿಗವ್ವ ಇದ್ದಾಳೆ. ಅವಳ ಮನೆಗೆ ಹೋದಾಗ, ದೇವರಾಯನ ಮಗಳು ಬಂದು ಸೇರಿದ ಊರನ್ನಾದರೂ ನೋಡೋಣ ಅಂತ ಒಂದು ದಿನ ಹೊರಟೆ. ಚಿಗವ್ವನೂ ಬುತ್ತಿ ಕಟ್ಟಿಕೊಂಡು ಜೊತೆಗೆ ಬಂದಳು.

ಬೆಳಿಗ್ಗೆ ಹಫ್ತ್ ಗುಂಬಜ್. ಅಲ್ಲಿರುವ ಗೋರಿಗಳಲ್ಲಿ ಫಿರೋಜನದೇ ದೊಡ್ಡದು. ಅಕ್ಕಪಕ್ಕ ಎರಡು ಗುಮ್ಮಟ, ಒಳಗೆ ಎರಡು ದೊಡ್ಡ ಕೋಣೆ. ಗಾರೆಯಲ್ಲಿ ಮಾಡಿದ ಹೂಬಳ್ಳಿಯ ಕೆಲಸ ಇವತ್ತಿಗೂ ಕಣ್ಣು ತುಂಬುತ್ತದೆ. ಅವನ ಮನೆಮಂದಿಯ ಗೋರಿಗಳೂ ಅಲ್ಲಿವೆ. ಹೆಸರು ಬರೆದದ್ದೇನಾದರೂ ಕಾಣುತ್ತದಾ ಅಂತ ಬಗ್ಗಿ ಬಗ್ಗಿ ನೋಡಿದೆ. ನನಗೆ ಸಿಗಲಿಲ್ಲ. ಪಾರಿವಾಳಗಳು ಜಾಸ್ತಿ ಇದ್ದವು.

ಆಮೇಲೆ ಜೇವರ್ಗಿ ರಸ್ತೆ ಹಿಡಿದು ಫಿರೋಜಾಬಾದಿಗೆ ಹೋದೆವು. ಭೀಮಾ ನದಿಯ ದಂಡೆಯ ಮೇಲೆ ಫಿರೋಜ್ ತನಗಾಗಿ ಕಟ್ಟಿಸಿದ ಊರು ಅದು. ಎತ್ತರದ ಕಲ್ಲಿನ ಗೋಡೆ, ಕಮಾನಿನ ಬಾಗಿಲು, ಒಂದು ಕಡೆ ಹೊಳೆ. ಒಳಗೆ ದೊಡ್ಡ ಮಸೀದಿ, ಅರಮನೆಗಳ ಅಳಿದುಳಿದ ಗೋಡೆಗಳು. ಉಳಿದ ಜಾಗದಲ್ಲೆಲ್ಲ ಜಾಲಿ ಬೆಳೆದಿದೆ. ರಾಣಿವಾಸದಲ್ಲಿ ನಾನಾ ದೇಶದ ಹೆಂಗಸರಿದ್ದರಂತೆ. ಸುಲ್ತಾನ ಒಬ್ಬೊಬ್ಬರ ಜೊತೆಗೂ ಅವರವರ ಮಾತಿನಲ್ಲೇ ಮಾತಾಡುತ್ತಿದ್ದನಂತೆ. ಹಾಗಾದರೆ ಇವಳ ಜೊತೆ ಯಾವ ಮಾತಿನಲ್ಲಿ ಮಾತಾಡಿದ? ಕನ್ನಡವೋ, ತೆಲುಗೋ? ಅಲ್ಲಿ ನಿಂತಾಗ ನನಗೆ ಹೊಳೆ, ಗೋಡೆಗಿಂತ ಇದೇ ಪ್ರಶ್ನೆ ದೊಡ್ಡದಾಗಿ ಕಂಡಿತು.

ಮಧ್ಯಾಹ್ನ ಒಂದು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ಕಟಿ ರೊಟ್ಟಿ, ಎಣ್ಣೆಗಾಯಿ, ಕೆಂಪಗೆ ಶೇಂಗಾ ಹಿಂಡಿ, ಮೊಸರು. ನಾನು ಸುಮ್ನೆ ಇರಲಾರದೆ ಹೇಳಿದೆ, ‘ಚಿಗವ್ವ, ಈ ಶೇಂಗಾ, ಈ ಮೆಣಸಿನಕಾಯಿ ಎರಡೂ ಆಗಿನ ಕಾಲದಲ್ಲಿ ಇರಲಿಲ್ಲ. ಪೋರ್ಚುಗೀಸರು ಬಂದಮೇಲೆ ನಮ್ಮ ಕಡೆ ಬಂದದ್ದು. ಆಗ ಖಾರ ಅಂದರೆ ಕರಿಮೆಣಸು.’

‘ಹಿಂಡಿ ಇಲ್ಲದ ರೊಟ್ಟಿ ತಿಂದಾಳಾ? ಪಾಪ,’ ಅಂದಳು ಚಿಗವ್ವ. ಆಮೇಲೆ, ‘ಮದಿವಿ ಹೆಂಗ ಆತು ಹೇಳು’ ಅಂದಳು.

ಹೇಳಿದೆ. 40 ದಿನ ವಿಜಯನಗರಕ್ಕೂ ಸುಲ್ತಾನನ ಡೇರೆಗೂ ಜನ ಓಡಾಡಿದ್ದು, ದಾರಿಯ ಎರಡೂ ಕಡೆ ಅಂಗಡಿ ಹಾಕಿದ್ದು, ಆಟದವರು, ಕುಣಿಯುವವರು, ಕಣ್ಕಟ್ಟಿನವರು ಬಂದದ್ದು. ಸುಲ್ತಾನನ ಕಡೆಯ ದೊಡ್ಡವರು ಹೋಗಿ ಹುಡುಗಿಯನ್ನು ಡೇರೆಗೆ ಕರೆತಂದದ್ದು. ಆಮೇಲೆ ಮಾವನ ಆಸೆಯಂತೆ ಫಿರೋಜ್ ಅವಳನ್ನು ಕರೆದುಕೊಂಡು ವಿಜಯನಗರಕ್ಕೆ ಹೋದದ್ದು. ಊರ ಬಾಗಿಲಿನಿಂದ ಅರಮನೆಯವರೆಗೆ 6 ಮೈಲಿ ಜರಿ, ಮಖಮಲ್ಲು ಹಾಸಿದ್ದು. ಇಬ್ಬರು ರಾಜರೂ ಅಕ್ಕಪಕ್ಕ ಕುದುರೆ ಮೇಲೆ ಬಂದದ್ದು, ಮಕ್ಕಳು ಅವರ ಮೇಲೆ ಹೂ ಎರಚಿದ್ದು.

ಮೂರು ದಿನ ಇದ್ದು ಅಳಿಯ ಹೊರಟ. ದೇವರಾಯ 4 ಮೈಲಿ ಜೊತೆಗೆ ಬಂದು ಹಿಂದಿರುಗಿದ. ಡೇರೆಯವರೆಗೆ ಕಳಿಸಿಕೊಡಲು ಬರಲಿಲ್ಲ ಅಂತ ಫಿರೋಜನಿಗೆ ಕೆಂಡದಂಥ ಸಿಟ್ಟು. ಇದಕ್ಕೆ ಒಂದು ದಿನ ಸೇಡು ತೀರಿಸಿಕೊಳ್ಳುತ್ತೇನೆ ಅಂದನಂತೆ. ಅಷ್ಟು ಮುತ್ತು, ಅಷ್ಟು ಆನೆ, ಹೆಣ್ಣು, ಎಲ್ಲ ಕೊಟ್ಟು ತಂದ ಶಾಂತಿ ಬೀಗರ ಮುನಿಸಿನಲ್ಲಿ ಹೋಯಿತು. ಮುಂದೆ ಪಾನಗಲ್ಲಿನ ಯುದ್ಧದಲ್ಲಿ ಇದೇ ಮಾವ ಇದೇ ಅಳಿಯನನ್ನು ಸೋಲಿಸಿದ.

‘ನಾಕ ಮೈಲಿ ಹೋಗ್ಯಾನಂದ್ರ ಭಾಳ ಆತು,’ ಅಂದಳು ಚಿಗವ್ವ. ‘ಬೀಗರನ್ನ ಅಗಸಿ ತನಾ ಕಳಸಿದ್ರ ಸಾಕು. ಇವನೇ ಸೊಕ್ಕಿನವ.’ ಇನ್ನೊಂದು ರೊಟ್ಟಿ ಮುರಿದಳು. ‘ಅಲ್ಲವ್ವಾ, ಅದಿರಲಿ. ಆ ಡೇರೆಕ್ಕ ಕರಕೊಂಡು ಹೋದ್ರಲ್ಲ, ಆಕಿ ಜೋಡಿ ಯಾರು ಹೋದ್ರು?’

‘ಅಂದರೆ?’

‘ಮದ್ಲ ಸಲ ಹುಡುಗಿನ್ನ ಒಬ್ಬಾಕಿನ್ನ ಕಳಸ್ತಾರೇನು? ನನ್ನ ಜೋಡಿ ನಮ್ಮ ಸ್ವಾದರತ್ತಿ ಬಂದಿದ್ಲು. ಎಂಟ ದಿನ ಇದ್ಲು. ರಾತ್ರಿ ತಲಿ ಹಿಕ್ಕತಿದ್ಲು, ಅಳಬ್ಯಾಡ ಅಂತಿದ್ಲು. ತಾನೇ ಅಳ್ತಿದ್ಲು.’

ನನಗೆ ಕಥೆಯ ಬಾಗಿಲು ತೆರೆದದ್ದು ಅಲ್ಲಿ. 2,000 ಜನ ಅಂತ ಓದಿದಾಗ ನಾನು ಬರೀ ಸಂಖ್ಯೆ ನೋಡಿದ್ದೆ. ಅವರಲ್ಲಿ ಒಬ್ಬೊಬ್ಬರೂ ಊರು ಬಿಟ್ಟು ಬಂದವರೇ. ಅವರಿಗೆ ಮದುವೆಯೂ ಇಲ್ಲ, ತವರಿಗೆ ಕರೆಯುವವರೂ ಇಲ್ಲ. ಆನೆ, ಮುತ್ತಿನ ಜೊತೆ ಲೆಕ್ಕದಲ್ಲಿ ಬರೆದು ಕೊಟ್ಟದ್ದು ಅಷ್ಟೆ. ರಾಜನ ಮಗಳು ಮೂರು ದಿನವಾದರೂ ಅಪ್ಪನ ಮನೆಗೆ ತಿರುಗಿ ಬಂದಳು. ಅವರಲ್ಲಿ ಎಷ್ಟು ಜನ ಬಂದಿರಬಹುದು?

ಮನೆಗೆ ಬಂದ ಮೇಲೆ ಬರೆದದ್ದನ್ನೆಲ್ಲ ಬದಿಗಿಟ್ಟು ಹೊಸದಾಗಿ ಶುರು ಮಾಡಿದೆ. ಈಗ ಕಥೆ ಹೇಳುವವಳು ಜೋಡಿ ಹೋದ ಹೆಂಗಸು. ಹೆಸರು ಚೆನ್ನವ್ವ, ಹಾಡುವವಳು. ಜರಿ ಹಾಸಿದ 6 ಮೈಲಿ ನನ್ನ ಕಥೆಯಲ್ಲಿ ಒಂದೇ ಸಾಲು. ಅಪ್ಪ ಹಿಂದಿರುಗಿದ 4 ಮೈಲಿಗೆ ಎಂಟು ಪುಟ. ಮದುವೆ ಊಟದಲ್ಲಿ ಮೆಣಸಿನಕಾಯಿ ಇಲ್ಲ, ಮಂಟಪಕ್ಕೆ ಚೆಂಡುಹೂವೂ ಇಲ್ಲ, ಅದೂ ಸಮುದ್ರ ದಾಟಿ ಬಂದದ್ದೇ.

ಚಿಗವ್ವನಿಗೆ ಫೋನಿನಲ್ಲಿ ಓದಿ ಹೇಳಿದೆ. ‘ಚೆನ್ನವ್ವಗ ಹೆಸರಿಟ್ಟೀದಿ, ಹುಡುಗಿಗ ಯಾಕ ಇಟ್ಟಿಲ್ಲ?’ ಅಂತ ಜಗಳಕ್ಕೆ ಬಂದಳು. ಬರೆದಿಟ್ಟವರು ಬಿಟ್ಟದ್ದನ್ನು ನಾನು ತುಂಬಿಸಿಬಿಟ್ಟರೆ ಬಿಟ್ಟದ್ದೇ ಕಾಣುವುದಿಲ್ಲ ಅಂತ ನನ್ನ ವಾದ. ‘ಹೆಸರಿಡಲಾರದ ಯಾವ ತಾಯಿ ಅದಾಳ?’ ಅಂತ ಅವಳ ವಾದ. ಕಥೆ ಇನ್ನೂ ಯಾರಿಗೂ ಕಳಿಸಿಲ್ಲ. ಚಿಗವ್ವ ಮಾತ್ರ ವಾರಕ್ಕೊಂದು ಹೆಸರು ಹೇಳುತ್ತಿದ್ದಾಳೆ.