ಎಂತ ತಪ್ಪು ಮಾಡಿದ್ಯೇ ಪುಟ್ಟಿ?

ಸೋಮವಾರ ಸಂಜೆ ಐದಕ್ಕೆ ಮಗಳ ವಿಡಿಯೊ ಕಾಲ್ ಬಂತು. ಅವಳಿರುವ ಜಪಾನಿನಲ್ಲಿ ಆಗ ರಾತ್ರಿ ಎಂಟೂವರೆ. ಅವಳು ಉಳಿದುಕೊಂಡಿರುವ ಮನೆಯ ತಾಯಿ, ಅವಳ ಬಾಯಲ್ಲಿ ‘ಒಕಾಸಾನ್’, ಪಕ್ಕದಲ್ಲೇ ಕೂತು ಬಟ್ಟೆ ಮಡಚುತ್ತಿದ್ದರು. ಅಲ್ಲೂ ಮಳೆ, ತೀರ್ಥಹಳ್ಳಿಯಲ್ಲೂ ಮಳೆ. ಕಾನಾಜಾವಾ ಊರಿನವರು ‘ಬುತ್ತಿ ಮರೆತರೂ ಕೊಡೆ ಮರೆಯಬೇಡ’ ಅನ್ನುತ್ತಾರಂತೆ. ಅದನ್ನು ಕೇಳಿದ ದಿನವೇ ಆ ಊರಿನ ಬಗ್ಗೆ ನನಗಿದ್ದ ಅರ್ಧ ಭಯ ಹೋಗಿತ್ತು.

“ಈ ವಾರ ನಮ್ಮ ಗುಂಪಿಗೆ ಟಾಯ್ಲೆಟ್ ಬಂದಿದೆ ಅಮ್ಮ. ಇವತ್ತು ನಾವು ನಾಲ್ಕು ಜನ ತೊಳೆದ್ವಿ” ಅಂದಳು. ಪರೀಕ್ಷೆಯ ಸುದ್ದಿ ಹೇಳುವಾಗಿನ ದನಿಯೂ ಇದೇ. ನನ್ನ ಹಿಂದೆ ಬತ್ತಿ ಹೊಸೆಯುತ್ತಿದ್ದ ಅತ್ತೆ ಕೈ ನಿಲ್ಲಿಸಿದರು.

“ಎಂತ ತಪ್ಪು ಮಾಡಿದ್ಯೇ ಪುಟ್ಟಿ?”

ಮಗಳು ನಕ್ಕಳು. “ತಪ್ಪು ಯಾಕೆ ಅಜ್ಜಿ, ಪಾಳಿ.”

ಅತ್ತೆಗೆ ನಗು ಬರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಬರಲಿಲ್ಲ. ನನ್ನ ನಾಲಗೆಯ ತುದಿಯಲ್ಲೂ ಅದೇ ಪ್ರಶ್ನೆ ಇತ್ತು. ಅತ್ತೆ ನನಗಿಂತ ಮೊದಲು ಕೇಳಿದರು, ಅಷ್ಟೆ.

ಹದಿನಾರರ ಹುಡುಗಿಯನ್ನು ಒಂದು ವರ್ಷ ಜಪಾನಿನ ಹೈಸ್ಕೂಲಿಗೆ ಕಳಿಸುತ್ತೇವೆ ಅಂದಾಗ ನೆಂಟರೆಲ್ಲ ಸಿಇಟಿ ಕತೆ ಏನು ಅಂತಲೇ ಕೇಳಿದ್ದು. ನನ್ನ ಮೈದುನನಂತೂ ವರ್ಷ ದಂಡ ಅಂತ ಎದುರಿಗೇ ಹೇಳಿದ. ಮಕ್ಕಳ ಓದನ್ನು ಸೀಟಿನ ಲೆಕ್ಕದಲ್ಲೇ ಅಳೆಯುವ ಆ ಬುದ್ಧಿ ನನಗೆ ಯಾವತ್ತೂ ಹಿಡಿಸಿಲ್ಲ. ನಾನು ಹೆದರಿದ್ದು ಊಟಕ್ಕೆ. ಸಾರಿನಂತೆ ಕಾಣುವ ಮಿಸೊ ಸೂಪಿಗೂ ಒಣಮೀನಿನ ರಸ ಬೀಳುತ್ತದೆ. ಪುಣ್ಯಾತ್ಗಿತ್ತಿ ಒಕಾಸಾನ್ ಇವಳಿಗೆಂದೇ ಕೊಂಬು ಅನ್ನುವ ಕಡಲಪಾಚಿಯನ್ನು ನೆನೆಸಿ ಬೇರೆ ಮಾಡಿಕೊಡುತ್ತಾರೆ. ಏಪ್ರಿಲಿನಲ್ಲಿ ಶಾಲೆ ಶುರುವಾದಾಗ ಒಳಗೆ ಹಾಕುವ ಬೇರೆ ಚಪ್ಪಲಿಯ ಜೊತೆ ಎರಡು ಒರೆಸುವ ಬಟ್ಟೆಯನ್ನೂ ಕೊಟ್ಟರಂತೆ. ಹಳೇ ಟವೆಲ್ ಮಡಚಿ, ಅಡ್ಡ ಹೊಲಿಗೆ ಹಾಕಿದ್ದು. ‘ಜೋಕಿನ್’ ಅಂತ ಅದರ ಹೆಸರು. ಪಾಠ ಮುಗಿದ ಮೇಲೆ ಕಾಲು ಗಂಟೆ ಡೆಸ್ಕುಗಳನ್ನೆಲ್ಲ ಹಿಂದಕ್ಕೆ ತಳ್ಳಿ ಗುಡಿಸುತ್ತಾರೆ, ಒರೆಸುತ್ತಾರೆ. ಒಂದು ವಾರ ತರಗತಿ, ಇನ್ನೊಂದು ವಾರ ಮೆಟ್ಟಿಲು, ಮತ್ತೊಂದು ವಾರ ಟಾಯ್ಲೆಟ್. ಡಾಕ್ಟರ ಮಗನಿಗೂ ಅದೇ ಪಾಳಿ. ಅವಳ ಶಾಲೆಯಲ್ಲಿ ಮೇಷ್ಟ್ರೂ ತೋಳು ಮಡಚಿ ಜೊತೆಗೆ ನಿಲ್ಲುತ್ತಾರೆ.

ಅಜ್ಜಿ ಏನು ಕೇಳಿದರು ಅಂತ ಒಕಾಸಾನ್ ವಿಚಾರಿಸಿದರು. ಮಗಳು ಹೇಳಿದಳು. ಜಪಾನಿ ನಮಗೆ ಹತ್ತಿರದ ಭಾಷೆ ಅಂತ ಅವಳು ಹಿಗ್ಗುತ್ತಲೇ ಇರುತ್ತಾಳೆ. ‘ಮಿಜು ಓ ನೊಮಿಮಾಸ್’ ಅಂದರೆ ‘ನೀರನ್ನು ಕುಡಿಯುತ್ತೇನೆ’. ನಮ್ಮ ‘ಅನ್ನು’ ಇರುವಲ್ಲಿ ಅವರ ‘ಓ’, ಕ್ರಿಯಾಪದ ನಮ್ಮ ಹಾಗೇ ಕೊನೆಗೆ. ಇಂಗ್ಲಿಷಿನಲ್ಲಿ ಯೋಚಿಸುವುದು ಬಿಟ್ಟು ಕನ್ನಡದಲ್ಲಿ ಯೋಚಿಸಿದರೆ ಪದದ ಮೇಲೆ ಪದ ಇಟ್ಟ ಹಾಗೆ ಬರುತ್ತದಂತೆ. ಅತ್ತೆಯ ಪ್ರಶ್ನೆಯೂ ಹಾಗೇ ಸಲೀಸಾಗಿ ದಾಟಿತು. ಆದರೆ ಒಕಾಸಾನ್ ಮುಖದಲ್ಲಿ ಏನೂ ಹೊಳೆಯಲಿಲ್ಲ. ಮಗಳು ಇನ್ನೊಮ್ಮೆ ಹೇಳಿದಳು. ಅವರು ಮಡಚಿದ ಬಟ್ಟೆ ಕೈಯಲ್ಲೇ ಹಿಡಿದು, ತಲೆ ಓರೆ ಮಾಡಿ, ತೊಳೆಯುವುದಕ್ಕೂ ತಪ್ಪಿಗೂ ಏನು ಸಂಬಂಧ ಅಂತ ಕೇಳಿದರು.

ನಾಲ್ಕು ದಿನದಿಂದ ನನ್ನ ಕಣ್ಣಮುಂದೆ ಆ ಓರೆ ಮಾಡಿದ ತಲೆಯೇ ಇದೆ. ಎಂತ ತಪ್ಪು ಮಾಡಿದ್ಯೇ ಪುಟ್ಟಿ? ಇದನ್ನು ಜಪಾನಿಗೆ ತಿಳಿಸಲು ಎಷ್ಟು ವಿವರಿಸಬೇಕು!

ನಾನು ಓದಿದ ಶಾಲೆಯಲ್ಲೂ ಕಸ ಗುಡಿಸಲು ಪಾಳಿ ಇತ್ತು, ಎಲ್ಲರೂ ಗುಡಿಸುತ್ತಿದ್ದೆವು. ಕಕ್ಕಸಿಗೆ ಮಾತ್ರ ಪಾಳಿ ಇರಲಿಲ್ಲ. ಶನಿವಾರ ಬೆಳಿಗ್ಗೆ ಮೇಷ್ಟ್ರು ಎರಡು ಹೆಸರು ಕೂಗುತ್ತಿದ್ದರು. ಯಾವಾಗಲೂ ಅದೇ ಎರಡು ಹೆಸರು. ಯಾವ ಕೇರಿಯ ಮಕ್ಕಳು ಅಂತ ನಾನು ಬರೆಯಬೇಕಿಲ್ಲ. ಅವರು ಬಕೆಟ್ ಹಿಡಿದು ಹೊರಗೆ ಹೋದಾಗ ನಾವು ಮಗ್ಗಿ ಹೇಳುತ್ತಿದ್ದೆವು. ಅವರಿಗೆ ತಪ್ಪಿಹೋದ ಮಗ್ಗಿ ಎಷ್ಟು ಅಂತ ನಾನು ಲೆಕ್ಕ ಹಾಕಿದ್ದು ಈ ವಾರ, ಮೂವತ್ತೈದು ವರ್ಷ ತಡವಾಗಿ. 2023ರ ಡಿಸೆಂಬರಿನಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಬಂದಾಗ ಸಿಟ್ಟಿನಿಂದ ಟಿವಿ ಆರಿಸಿದ್ದೆ. ನನ್ನ ಶಾಲೆಯ ಶನಿವಾರಗಳು ಆಗಲೂ ನೆನಪಿಗೆ ಬರಲಿಲ್ಲ. ಇದು ನನ್ನನ್ನು ಈಗ ತುಂಬಾ ಕಾಡುತ್ತಿದೆ.

ಜಪಾನನ್ನು ಹೊಗಳಿ ಅಟ್ಟಕ್ಕೇರಿಸುವ ಉದ್ದೇಶ ನನಗಿಲ್ಲ. ಚರ್ಮದ ಕೆಲಸ, ಕಟುಕರ ಕೆಲಸ ಮಾಡುತ್ತಿದ್ದವರನ್ನು ಅವರೂ ಬೇರೆ ಕೇರಿಗೆ ತಳ್ಳಿದ್ದರು. 1871ರಲ್ಲಿ ಆ ಕೀಳು ಅಂತಸ್ತನ್ನು ಸರ್ಕಾರ ರದ್ದು ಮಾಡಿತು. ಆದರೂ ಮದುವೆಯ ಹೊತ್ತಿಗೆ ಮೂಲ ಹುಡುಕುವುದು ನಿಲ್ಲದೆ, 2016ರಲ್ಲಿ ‘ಬುರಾಕು’ ತಾರತಮ್ಯದ ವಿರುದ್ಧ ಮತ್ತೆ ಕಾನೂನು ತರಬೇಕಾಯಿತು. ಅಲ್ಲಿಗೂ ಗೊತ್ತಿರುವ ಕಾಯಿಲೆಯೇ ಇದು. ಆದರೂ ಆ ಕಾಲು ಗಂಟೆಯಲ್ಲಿ, ಆ ನಾಲ್ಕು ಮಕ್ಕಳ ಮಟ್ಟಿಗೆ, ಪೊರಕೆ ಯಾರ ಜಾತಿಯೂ ಅಲ್ಲ.

ಅತ್ತೆಯನ್ನು ಕೆಟ್ಟವರು ಅಂದುಕೊಳ್ಳಬೇಡಿ. ಬಂದವರಿಗೆ ಉಣ್ಣಿಸದೆ ಕಳಿಸದ ಹೆಂಗಸು. ಮಂಗಳವಾರವೆಲ್ಲ ಮಾತಾಡಲಿಲ್ಲ. ನಿನ್ನೆ ರಾತ್ರಿ ಹಾಸಿಗೆ ಹಾಸಿಕೊಡುವಾಗ ಕೇಳಿದರು: “ಮೇಷ್ಟ್ರೂ ತೊಳೀತಾರಂತಾ?”

“ಹೂಂ, ಜೊತೆಗೇ.”

ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ಶಿವಮೊಗ್ಗದ ತವರುಮನೆಯ ಹಿತ್ತಿಲ ಬಾಗಿಲಿನ ಮಾತು ತೆಗೆದರು. ಬೆಳಗಿನ ಜಾವ ತಗಡಿನ ಡಬ್ಬ ಹೊತ್ತು ಒಬ್ಬಳು ಬರುತ್ತಿದ್ದಳಂತೆ. ಬಸವಲಿಂಗಪ್ಪನವರು ಮಂತ್ರಿಯಾಗಿ ಮಲ ಹೊರುವುದನ್ನು ನಿಲ್ಲಿಸುವ ತನಕ ಅವಳೇ ಬರುತ್ತಿದ್ದಳಂತೆ. ಹಬ್ಬಕ್ಕೆ ದೂರದಿಂದ ಹೋಳಿಗೆ ಇಡುತ್ತಿದ್ದರಂತೆ.

“ಏನು ಹೆಸರತ್ತೆ ಅವಳದ್ದು?” ಅಂದೆ.

ಅತ್ತೆ ಕಂಬಳಿ ಎಳೆದುಕೊಂಡು ಗೋಡೆಯ ಕಡೆ ತಿರುಗಿದರು. “ಕೇಳಿರಲೇ ಇಲ್ಲ ಕಣೇ” ಅಂದರು.